ಹನ್ನೊಂದನೆಯ ಮೊಳೆ

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಕಳೆದ ಭಾನುವಾರ ಮುಂಜಾನೆ ಎಂಟಕ್ಕೆ, ಗಣ್ಯರ ಗೈರುಹಾಜರಿಯಲ್ಲಿ, ದಾಂಡೇಲಿ ಟ್ಯಾಕ್ಸಿ ಸ್ಟ್ಯಾಂಡಿನ ಹಳೆಯ ಹಲಗೆಯಿಂದ ಉದುರಿಹೋಗಿದ್ದ ಹನ್ನೊಂದನೆಯ ಮೊಳೆಯ ಜಾಗಕ್ಕೆ ಹೊಸದನ್ನು ಹೊಡೆಯಲಾಯಿತು. ಮೊದಲನೇ ಏಟು ಡ್ರೈವರ್ ಅಡಿವೆಯ್ಯನ ಹೆಬ್ಬೆರಳಿಗೆ ಬಿತ್ತು.

ಒಂದು ಕಾಲಕ್ಕೆ ಆ ಹಲಗೆಯಲ್ಲಿ ಹನ್ನೊಂದು ಗಾಡಿಗಳ ತಗಡಿನ ಬಿಲ್ಲೆಗಳು ಸಾಲಾಗಿ ತೂಗುತ್ತಿದ್ದವು. ಮೊದಲ ಬಿಲ್ಲೆಯವನಿಗೆ ಮೊದಲ ಗಿರಾಕಿ. ಪೇಪರ್ ಮಿಲ್ಲಿನ ಸಾಹೇಬರಿರಲಿ, ಸೂಪಾ ಡ್ಯಾಮಿಗೆ ಹೊರಟ ನವದಂಪತಿಯಿರಲಿ, ಬಾಡಿಗೆ ಪೂರ್ತಿ ಕಿಸೆಗೆ. ಪಾಳಿ ಬರುವ ತನಕ ಚೂಡಾ, ಇಸ್ಪೀಟು, ಯಾರ ಹೆಂಡತಿ ಯಾರಿಗೆ ಬೈದಳೆಂಬ ವಾರ್ತೆ. ಆಮೇಲೆ ಫೋನಿನಲ್ಲೇ ಟ್ಯಾಕ್ಸಿ ಕರೆಯುವ ಆ್ಯಪ್ ಬಂತು. ಅಪ್ಪನ ಹಾಗೆ ಬಂದು, ಬಾಡಿಗೆಯ ಕಾಲುಭಾಗ ತಾನುಂಡು, ಟ್ರಿಪ್ಪುಗಳನ್ನು ತನಗೆ ಬೇಕಾದ ಮಕ್ಕಳಿಗೆ ಹಂಚತೊಡಗಿತು. ಪಾಳಿ ಪಾಳುಬಿತ್ತು.

ಸ್ಟ್ಯಾಂಡಿನ ಹಿರಿಯ ದುರ್ಗಪ್ಪನಿಗೆ ವಾರದಲ್ಲಿ ಹದಿನೈದು ಟ್ರಿಪ್ಪಾದರೆ ಬೋನಸ್. ಆಗದಿದ್ದರೆ ದುಡಿದದ್ದು ಡೀಸೆಲ್ಲಿಗೇ ಸರಿ. ಹದಿನಾಲ್ಕಾಗಿತ್ತು. ಅಲ್ಲಿಂದಾಚೆ ಎರಡು ದಿನ ಆ್ಯಪ್ ಮೌನವ್ರತದಲ್ಲಿತ್ತು. ಭಾನುವಾರವೇ ಕಡೆಯ ದಿನ.

"ಹಳೇ ಪಾಳಿ ತರೂಣು," ಎಂದಿದ್ದ ಅಡಿವೆಯ್ಯ. "ಪಾಳಿ ಯಾರದೈತಿ ಅವಂದಷ್ಟ ಫೋನ್ ಚಾಲೂ. ಉಳಿದವ್ರದೆಲ್ಲಾ ಬಂದ್. ಆ್ಯಪ್ ಎಲ್ಲಿಗೆ ಹೋಗತೈತಿ ನೋಡೂಣು."

ಹತ್ತು ಫೋನುಗಳು ಕಣ್ಣು ಮುಚ್ಚಿದವು. ಮೊದಲ ಬಿಲ್ಲೆ ದುರ್ಗಪ್ಪನದು. ಎರಡು ತಾಸು ಗಾಡಿಯಲ್ಲೇ ಕೂತವನು ಬೇಸತ್ತು, ಫೋನ್ ಹಿಡಿದು ರಸ್ತೆಯಾಚೆ ಸುವರ್ಣಾಳ ಅಂಗಡಿಗೆ ಚಹಾಕ್ಕೆ ಹೋದ. ಎರಡನೇ ಗುಟುಕಿಗೆ ಫೋನ್ ಬಡಿದುಕೊಂಡಿತು. ಬಸ್ ಸ್ಟ್ಯಾಂಡಿನಿಂದ ಅಂಬಿಕಾನಗರಕ್ಕೆ.

"ಒತ್ತಪಾ, ಲಗೂನ ಒತ್ತು," ಅಡಿವೆಯ್ಯ ಓಡಿಬಂದ.

ದುರ್ಗಪ್ಪ ಹಲಗೆಯತ್ತ ನೋಡುತ್ತಿದ್ದ. ಅದರ ನೆತ್ತಿಯ ಮೇಲೆ ಇಪ್ಪತ್ತು ವರ್ಷದ ಹಿಂದೆ ಅವನೇ ಕೆಂಪು ಬಣ್ಣದಲ್ಲಿ ಬರೆದಿದ್ದ: ಗಾಡಿ ಬಿಟ್ಟು ಹೋದವನ ಪಾಳಿ ಕಡೆಗೆ.

"ನನ್ನ ಪಾಳಿ ಹೋತು."

"ಹುಚ್ಚ ಹಿಡದೈತೇನು? ಯಾರು ಕೇಳ್ತಾರ?"

"ನಿನಗ ಹೊಟ್ಟಿ ಕೆಟ್ಟು ಹೊಳಿಕಡೆ ಹೋದಾಗ ನಿನ್ನ ಗೋವಾ ಬಾಡಿಗಿ ನಾನಽ ಕಸಗೊಂಡಿದ್ದೆ. ಇದಽ ಬರಹ ತೋರಿಸಿ."

"ಅದನ್ನ ನಾ ಮರತು ಯಾವ ಕಾಲ ಆತು."

"ನಾ ಮರತಿಲ್ಲ."

ಫೋನ್ ಬಡಿದು ಬಡಿದು ಸುಮ್ಮನಾಯಿತು. ದುರ್ಗಪ್ಪ ರಸ್ತೆ ದಾಟಿ, ಬಿಲ್ಲೆಗಳನ್ನು ಒಂದೊಂದಾಗಿ ಮುಂದೆ ಸರಿಸಿ, ತನ್ನದನ್ನು ಹೊಸ ಮೊಳೆಗೆ ತೂಗುಹಾಕಿದ. ಈಗ ಪಾಳಿ ಅಡಿವೆಯ್ಯನದು. ಅವನು ಫೋನಿನ ಗುಂಡಿ ಒತ್ತಿ ಹಿಡಿದ. ಅಪ್‌ಡೇಟ್ ಆಗುತ್ತಿದೆ, ದಯವಿಟ್ಟು ಕಾಯಿರಿ, ಎಂದಿತು ಫೋನ್.

ಕಾದರು. ಹಿಂದೆ ಇಸ್ಪೀಟಿಗೆ ಕೂರುತ್ತಿದ್ದಂತೆಯೇ ಹನ್ನೊಂದು ತಲೆಗಳು ಒಂದೆಡೆ ಬಾಗಿದವು. ಅಂಬಿಕಾನಗರದ ಬಸ್ಸು ಎದುರಿಗೇ ಹಾದುಹೋಯಿತು. ಕಿಟಕಿಯಲ್ಲಿ ಒಬ್ಬ ಹೆಂಗಸು ಕೈಯಲ್ಲಿ ಫೋನ್ ಹಿಡಿದು ಇವರತ್ತ ಸಿಟ್ಟಿನಿಂದ ನೋಡಿದಳು.

ಅಡಿವೆಯ್ಯನ ಫೋನಿನ ಅಪ್‌ಡೇಟ್ ಆಗ ಶೇಕಡಾ ನಲವತ್ತೊಂದರಲ್ಲಿತ್ತು.