ಬೆಳ್ಳಗಾದ ಮೂಗುಬೊಟ್ಟು

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಹುಣಸೆಹಣ್ಣು ಕುಟ್ಟುವ ಕಾಲ. ಚಿತ್ತಮ್ಮ ಅಂಗಳದಲ್ಲಿ ಕಾಲು ನೀಡಿ ಕೂತು, ಎಡಗೈಯಲ್ಲಿ ಹಣ್ಣು ಹಿಡಿದು ಬಲಗೈಯಲ್ಲಿ ಕೊಡತಿ ಎತ್ತಿ ಕುಟ್ಟುತ್ತಿದ್ದಳು. ಸಿಪ್ಪೆ ಒಂದು ಕಡೆ, ನಾರು ಒಂದು ಕಡೆ, ಬೀಜ ಒಂದು ಕಡೆ. ಹೊತ್ತು ನೆತ್ತಿಗೇರಿದಾಗ ಕೈ ತೊಳೆದುಕೊಂಡಳು. ಕಿವಿಯ ಮೇಲಂಚಿನಲ್ಲಿದ್ದ ಎರಡು ಬುಗುಡಿಗಳನ್ನು ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿದಳು. ಕುಟ್ಟಬೇಕಾದ ಹಣ್ಣಿನ ಮೇಲೆ ಗೋಣಿ ಹೊದಿಸಿ ಪೇಟೆಗೆ ನಡೆದಳು.

ಆ ಬುಗುಡಿಗಳು ಕರಗಿ ಹುಟ್ಟಿದ್ದು ನಾನು. ನಾನು ಒಂದು ಮೂಗುಬೊಟ್ಟು. ಕಲ್ಲಿಲ್ಲ, ಹರಳಿಲ್ಲ, ಜೋಳದ ಕಾಳಿನಷ್ಟು ದಪ್ಪ, ಬರೀ ಚಿನ್ನ.

ಅಕ್ಕಸಾಲಿ ವೀರಭದ್ರಾಚಾರ್ ಬುಗುಡಿಗಳನ್ನು ಅಂಗೈ ಮೇಲೆ ಉರುಳಿಸಿ ನೋಡಿದರು. ಚಿತ್ತಮ್ಮನ ತಾಯಿಯ ಕಾಲದವು, ಸವೆದು ತರಗೆಲೆಯಂತಾಗಿದ್ದವು.

"ಏನವ್ವ, ಕಿವಿ ಬೋಳು ಮಾಡ್ಕಂಡು ಮೂಗಿಗೆ ಮಾಡಿಸ್ತೀಯಲ್ಲ?"

"ನನ್ನ ಕಿವಿ ಯಾರ್ ನೋಡ್ತಾರೆ ಆಚಾರ್ರೆ? ಮಗಳ ಮೂಗ ನಾಕು ಜನ ನೋಡ್ತಾರೆ" ಎಂದಳು ಚಿತ್ತಮ್ಮ. ಕರಗುವಾಗಲೂ ಮೂಸೆಯಿಂದ ಕಣ್ಣು ತೆಗೆಯಲಿಲ್ಲ.

ವೈಶಾಖದಲ್ಲಿ ಮಗಳು ನೇತ್ರಾಳ ಮದುವೆಯಾಯಿತು. ನಾನು ಅವಳ ಮೂಗೇರಿ ಗಂಡನ ಊರಿಗೆ ಹೋದೆ. ಮೂಗಿನ ಮೇಲೆ ಕೂತವರಿಗೆ ಒಂದು ಕಷ್ಟವಿದೆ. ಎದುರಿಗೆ ಬಂದವರ ಮುಖವೆಲ್ಲ ಕಾಣುತ್ತದೆ, ಒಡತಿಯ ಮುಖ ಮಾತ್ರ ಕನ್ನಡಿಯಲ್ಲಿಯೇ ನೋಡಬೇಕು. ನೇತ್ರ ಕನ್ನಡಿ ಹಿಡಿದಾಗಲೆಲ್ಲ ನಾನೂ ನೋಡುತ್ತಿದ್ದೆ. ಕಪ್ಪು ಮುಖ, ನಕ್ಕರೆ ಎರಡೂ ಕೆನ್ನೆಯಲ್ಲಿ ಗುಳಿ. ನನಗೆ ಆ ಕಪ್ಪಿನ ಮೇಲೆ ಕೂರುವುದು ಇಷ್ಟವಾಗಿತ್ತು. ಅಲ್ಲಿ ನಾನು ಚೆನ್ನಾಗಿ ಹೊಳೆಯುತ್ತಿದ್ದೆ.

ಅತ್ತೆ ಈರನಾಗಮ್ಮನದು ಜೋರು ಬಾಯಿ, ಧಾರಾಳ ಕೈ. ಅವಳೂ ಅವಳ ಮಗ, ಅಂದರೆ ನೇತ್ರಾಳ ಗಂಡ ಭೂತೇಶನೂ ಸೇರಿ ಪ್ರತಿ ವರ್ಷ ಸುತ್ತಲಿನ ಹುಣಸೆಮರಗಳನ್ನು ಗುತ್ತಿಗೆ ಹಿಡಿಯುತ್ತಿದ್ದರು. ಹಣ್ಣು ಕುಟ್ಟಲು ಊರಿನ ಹೆಂಗಸರು ಅವರ ಅಂಗಳಕ್ಕೇ ಬರುತ್ತಿದ್ದರು. ಮೊದಲ ದಿನವೇ ಸೊಸೆಗೆ ಈರನಾಗಮ್ಮ ಒಂದು ಮಾತು ಹೇಳಿದ್ದಳು.

"ನೋಡವ್ವ, ಈ ಮನೇಲಿ ಮುತ್ತೈದೆ ಮೂಗು ಬರಿದಾಗಿದ್ದಿಲ್ಲ. ನೀರು ಉಯ್ಕಳಾಗ್ಲೂ ತೆಗೀಬ್ಯಾಡ, ಮಲಗೋವಾಗ್ಲೂ ತೆಗೀಬ್ಯಾಡ."

ನೇತ್ರ ತೆಗೆಯಲಿಲ್ಲ.

ಮುಂದಿನ ಸುಗ್ಗಿಗೆ ಅಂಗಳದಲ್ಲಿ ಹಣ್ಣಿನ ರಾಶಿ ಬಿತ್ತು. ಚಪ್ಪರದ ನೆರಳು ಹಣ್ಣಿಗೆ, ಬಿಸಿಲು ಹೆಂಗಸರಿಗೆ. ನೇತ್ರ ಬೆಳಗಿನಿಂದ ಸಂಜೆವರೆಗೆ ಅಲ್ಲೇ. ಅತ್ತೆ ತಮಾಷೆಗೆ ಅವಳನ್ನು ಹುಣಸೆಬೀಜ ಎಂದು ಕರೆಯುತ್ತಿದ್ದಳು. "ಹುರಿದ್ರೆ ನಾನೂ ರುಚಿಯಾಗಿರ್ತೀನಿ ಅತ್ತೆ" ಎಂದು ನೇತ್ರ ಎದುರು ಹೇಳಿದರೆ ಎಲ್ಲರೂ ಕೊಡತಿ ಕೆಳಗಿಟ್ಟು ನಗುತ್ತಿದ್ದರು.

ಆದರೆ ಆ ಬಿಸಿಲಿಗೆ ಅವಳ ಕೆನ್ನೆಯ ಮೇಲೆ ಬಂಗು ಎದ್ದಿತು. ಮೊದಲು ನನ್ನ ಪಕ್ಕದಲ್ಲೇ ಒಂದು ಕಂದು ಮಚ್ಚೆ. ಆಮೇಲೆ ಅದು ಕಣ್ಣಿನ ಕೆಳಗೆ ಹರಡಿತು. ಪಕ್ಕದ ಮನೆಯ ಲಕ್ಕಮ್ಮ ಹಣ್ಣು ಬಿಡಿಸುತ್ತಾ, "ಹೊಸ ಹೆಂಡ್ತೀಗೇ ಬಂಗು ಬಂದ್ಬುಡ್ತಲ್ಲೇ! ಭೂತೇಶ ಸಂತೆಗೆ ಹೋದ್ರೆ ಬೇಗ ಮನೆಗೆ ಬರಲ್ಲ ಬಿಡು ಇನ್ನ" ಎಂದಳು. ಎಲ್ಲರೂ ನಕ್ಕರು. ನೇತ್ರಾಳೂ ನಕ್ಕಳು, ಆದರೆ ನನ್ನ ಎರಡೂ ಬದಿಯ ಗುಳಿಗಳು ಮೂಡಲಿಲ್ಲ.

ಆ ವಾರ ಪೇಟೆಗೆ ಹೋದವಳು ಫ್ಯಾನ್ಸಿ ಅಂಗಡಿ ಹೊಕ್ಕಳು. ಅಂಗಡಿಯವನು ಒಂದು ಪುಟ್ಟ ಡಬ್ಬಿ ಮುಂದಿಟ್ಟ. ಅದರ ಮೇಲಿನ ಅಕ್ಷರ ಯಾವ ದೇಶದ್ದೋ. ಬಿಳಿ ಹೆಂಗಸಿನ ಚಿತ್ರ, ತಲೆಯ ಹಿಂದೆ ಸೂರ್ಯ.

"ಬಿಸಿಲ್ನೂ ತಡೀತೈತೆ, ಬಂಗೂ ಹೋಗ್ತೈತೆ, ಬಣ್ಣಾನೂ ಬರ್ತೈತೆ. ಆದ್ರೆ ಹಚ್ಕಳಾಗ ಚಿನ್ನ ಬೆಳ್ಳಿ ತೆಗೆದಿಡ್ಬೇಕಂತೆ ಕಣಕ್ಕ."

"ಯಾಕಣ್ಣ?"

"ಹೊಳಪು ಹೋಗ್ತೈತಂತೆ. ಕೊಟ್ಟೋರು ಹಂಗಂದ್ರು, ನಂಗೇನ್ ಗೊತ್ತು?"

ಚಿನ್ನದ ಹೊಳಪು ತೆಗೆಯುವಂಥದ್ದು ಚರ್ಮಕ್ಕೆ ಏನು ಮಾಡೀತು ಎಂದು ಅವನೂ ಕೇಳಿಕೊಳ್ಳಲಿಲ್ಲ, ಅವಳೂ ಕೇಳಲಿಲ್ಲ. ಅವಳಿಗೆ ಇದ್ದ ಚಿಂತೆ ಒಂದೇ: ಮೂಗು ಬರಿದು ಮಾಡಬಾರದು. ಹಾಗಾಗಿ ಬೆಳಿಗ್ಗೆ, ರಾತ್ರಿ, ನನ್ನನ್ನು ಮೂಗಿನಲ್ಲೇ ಬಿಟ್ಟು ನನ್ನ ಸುತ್ತಲೂ ಬೆರಳಾಡಿಸಿ ಹಚ್ಚಿದಳು. ತಣ್ಣಗೆ, ಮಲ್ಲಿಗೆಯ ವಾಸನೆ. ಡಬ್ಬಿ ಮಾತ್ರ ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಇರುತ್ತಿತ್ತು. ಅತ್ತೆ ನೋಡಿದರೆ ಸುಗ್ಗಿಯೆಲ್ಲ ಅದೇ ತಮಾಷೆಯಾಗುತ್ತಿತ್ತು.

ಬಂಗು ತಿಳಿಯಾಯಿತು. ಮುಖವೂ ಬೆಳ್ಳಗಾಗುತ್ತಾ ಬಂತು. "ಏನ್ ತಿಂತೀಯೇ?" ಎಂದು ಲಕ್ಕಮ್ಮ ಬೆನ್ನು ಹತ್ತಿದಳು. ಒಂದು ದಿನ ನೇತ್ರ ಅವಳ ಕಿವಿಯಲ್ಲಿ ಅಂಗಡಿಯ ಹೆಸರು ಹೇಳಿದಳು.

ಅವಳ ಜೊತೆ ನಾನೂ ಬೆಳ್ಳಗಾದೆ. ಮೊದಲು ಅಂಚು ಮಾಸಿತು. ಆಮೇಲೆ ಮೈಯೆಲ್ಲ ಸೀಸದ ಬಣ್ಣಕ್ಕೆ ತಿರುಗಿತು. ನನಗೆ ಬಾಯಿಲ್ಲ, ಬಣ್ಣ ಒಂದೇ ಇರುವುದು. ಇರುವ ಬಣ್ಣ ಬದಲಿಸಿ ತೋರಿಸಿದೆ. ನೋಡಿದವರು ಅದನ್ನು ಬೇರೆ ಥರ ಓದಿಕೊಂಡರು.

ಯುಗಾದಿಗೆ ಮಗಳು ಅಳಿಯನನ್ನು ಕರೆಯಲು ಚಿತ್ತಮ್ಮ ಬಂದಳು. ಅಂಗಳದಲ್ಲಿ ಹೆಂಗಸರೆಲ್ಲ ಕೂತಿದ್ದರು. ಅವಳು ಚೀಲ ಇಳಿಸುವ ಮೊದಲೇ ಈರನಾಗಮ್ಮ ಸೊಸೆಯ ಗಲ್ಲ ಹಿಡಿದು ಮುಖ ತಿರುಗಿಸಿದಳು.

"ಬಾ ಚಿತ್ತಮ್ಮಕ್ಕ, ನೀನೇ ನೋಡು. ಇದೇನಾ ನೀ ಕೊಟ್ಟ ಚಿನ್ನ? ವರ್ಷ ತುಂಬೋಕ್ ಮುಂಚೆ ತವರ ಆಗೈತೆ."

ಚಿತ್ತಮ್ಮ ಹತ್ತಿರ ಬಂದು ನೋಡಿದಳು. ಅವಳ ಕಣ್ಣು ನನ್ನ ಮೇಲೆ ನಿಂತಿತು. ರಾಶಿಯಿಂದ ಒಂದು ಹುಣಸೆಹಣ್ಣು ಚಿವುಟಿ, ಬೆರಳು ಒದ್ದೆ ಮಾಡಿ, ತಾಮ್ರದ ಚೊಂಬು ತಿಕ್ಕುವಂತೆ ನನ್ನನ್ನು ತಿಕ್ಕಿದಳು. ನಾನು ಹೊಳೆಯಲಿಲ್ಲ. ಇನ್ನೂ ತಿಕ್ಕಿದಳು. ನೇತ್ರಾಳ ಮೂಗು ಕೆಂಪಾಯಿತು.

"ಸಾಕು ಬಿಡವ್ವ" ಎಂದಳು ನೇತ್ರ.

ಚಿತ್ತಮ್ಮ ತಲೆಯ ಮೇಲಿನ ಸೆರಗು ಹಿಂದಕ್ಕೆ ಸರಿಸಿದಳು. "ಇಲ್ನೋಡ್ರವ್ವ ಎಲ್ರೂ. ಕಿವಿ ತೂತು ಇನ್ನೂ ಮುಚ್ಚಿಲ್ಲ. ನಮ್ಮವ್ವನ ಬುಗುಡಿ ಕರಗ್ಸಿ ಕೊಟ್ಟಿದೀನಿ."

"ಕಿವೀಲಿ ತೂತು ಎಲ್ರಿಗೂ ಐತೆ ಕಣಕ್ಕ" ಎಂದಳು ಈರನಾಗಮ್ಮ.

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಚಿತ್ತಮ್ಮ ಸೆರಗು ಎಳೆದುಕೊಂಡಳು. ಒಳಗೆ ಊಟಕ್ಕೆ ಕರೆದರೂ ನಿಲ್ಲದೆ, ಬಂದ ದಾರಿಯಲ್ಲೇ ಬಿಸಿಲಿಗೆ ನಡೆದುಬಿಟ್ಟಳು.

ಅದಾದ ಮೇಲೆ ಭೂತೇಶ ನನ್ನನ್ನು ಕಾಗದದಲ್ಲಿ ಸುತ್ತಿಕೊಂಡು ಆಚಾರ್ ಅಂಗಡಿಗೆ ಬಂದ. ಅಷ್ಟು ಹೊತ್ತು ಮೂಗಿನ ತೂತಿಗೆ ಅತ್ತೆ ಬೇವಿನ ಕಡ್ಡಿ ಸಿಕ್ಕಿಸಿದ್ದಳು. ಆಚಾರರಿಗೆ ಸಿಟ್ಟು ಬಂತು. ಕಿಟಕಿ ತೆಗೆದು, ಭೂತೇಶನನ್ನು ದೂರ ನಿಲ್ಲಿಸಿ, ನನ್ನ ಮೇಲೆ ಉರಿ ಊದಿದರು. ಬೆಳ್ಳನೆಯದು ಹೊಗೆಯಾಗಿ ಹೋಯಿತು. ಮೆರುಗು ಕೊಟ್ಟ ಮೇಲೆ ನಾನು ಮತ್ತೆ ಹಳದಿಯಾದೆ.

"ನನ್ನ ಚಿನ್ನಕ್ಕೆ ಹೆಸರಿಡ್ತೀಯ? ಪಾದರಸ ತಗುಲೈತೆ ಕಣಯ್ಯ. ಮನೇಲಿ ಏನಾದ್ರೂ ಚೆಲ್ಲಿತ್ತಾ?"

ಭೂತೇಶ ಯೋಚಿಸಿದ. "ಮಳೆಗಾಲದಾಗೆ ಜ್ವರ ನೋಡೋ ಗಾಜಿನ ಕಡ್ಡಿ ಒಡೆದಿತ್ತು."

"ಅದೇ ಮತ್ತೆ."

ಇಬ್ಬರಿಗೂ ಸಮಾಧಾನವಾಯಿತು. ಉತ್ತರ ಸಿಕ್ಕಿತೆಂದು ಪ್ರಶ್ನೆಯನ್ನು ಅಲ್ಲೇ ಬಿಟ್ಟರು. ಭೂತೇಶ ಮನೆಗೆ ಬಂದು ಹೇಳಿದಾಗ ಈರನಾಗಮ್ಮ ನನ್ನನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. "ಚಿನ್ನಾನೇ ಬಿಡು" ಎಂದಳು.

"ಹಂಗಾದ್ರೆ ನಮ್ಮವ್ವಂಗೆ ಹೇಳಿ ಕಳಿಸಿ ಅತ್ತೆ" ಎಂದಳು ನೇತ್ರ.

"ಹೇಳಾನಂತೆ. ಎಲ್ಲಿಗೆ ಓಡೋಗ್ತಾಳೆ ನಿಮ್ಮವ್ವ?"

ಹೇಳಿ ಕಳಿಸಲಿಲ್ಲ.

ಮತ್ತೆ ಮೂಗೇರಿದೆ. ಮತ್ತೆ ಡಬ್ಬಿ ತೆರೆಯಿತು. ಕೆಲವೇ ವಾರದಲ್ಲಿ ನಾನು ಮಾಸತೊಡಗಿದೆ. ಈ ಸಲ ಮೊದಲು ಕಂಡವಳು ನೇತ್ರಾಳೇ. ಕನ್ನಡಿಯಲ್ಲಿ ನನ್ನನ್ನು ನೋಡಿ ಅವಳ ಮುಖ ಇಳಿಯಿತು. ತನ್ನ ತಾಯಿಯ ಮೇಲೆ ಇನ್ನೊಂದು ಮಾತು ಬೀಳುವುದು ಅವಳಿಗೆ ಬೇಡವಾಗಿತ್ತು, ಡಬ್ಬಿ ಬಿಡುವುದೂ ಬೇಡವಾಗಿತ್ತು. ಅಡುಗೆಮನೆಯಿಂದ ಚಿಟಿಕೆ ಅರಿಶಿನ ತಂದು, ಎಣ್ಣೆಯಲ್ಲಿ ಕಲಸಿ, ನನ್ನ ಮೈಗೆ ಬಳಿದಳು. ದಿನವೂ ಬಳಿದಳು. ನಾನು ತೋರಿಸುತ್ತಿದ್ದ ಒಂದೇ ಒಂದು ಗುರುತು ಆ ಅರಿಶಿನದ ಕೆಳಗೆ ಮುಚ್ಚಿಹೋಯಿತು. ನನ್ನ ಬದುಕಿನಲ್ಲಿ ನೆನೆದು ಮರುಗುವ ದಿನಗಳೆಂದರೆ ಅವೇ.

ಶ್ರಾವಣದ ಹೊತ್ತಿಗೆ ನೇತ್ರಾಳ ಮುಖ ತುಂಬಿಕೊಂಡಿತು. ಬಳೆ ಬಿಗಿಯಾದವು, ಕಾಲಿನಲ್ಲಿ ಚೈನು ಕಚ್ಚಿತು. ಈರನಾಗಮ್ಮನಿಗೆ ಖುಷಿಯೋ ಖುಷಿ. "ಮೈಕೈ ತುಂಬ್ಕಂಡವ್ಳೆ. ಎಷ್ಟನೇ ತಿಂಗಳೋ ಕೇಳ್ರೇ!" ಎಂದು ಬಂದವರಿಗೆಲ್ಲ ಹೇಳಿದಳು. ಸೊಸೆಗೆ ಉಪ್ಪಿನಕಾಯಿ, ಹಪ್ಪಳ ಹೆಚ್ಚು ಹೆಚ್ಚು ಬಡಿಸಿದಳು. ನೇತ್ರ ಮಾತ್ರ ಬಚ್ಚಲಿನಲ್ಲಿ ಮೂತ್ರದ ನೊರೆ ನೋಡಿ ಹೆದರುತ್ತಿದ್ದಳು, ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಕಣ್ಣು ತೆರೆಯಲಾರದಷ್ಟು ಮುಖ ಊದಿತ್ತು. ಭೂತೇಶ ಆಟೋ ತಂದ.

ಜಿಲ್ಲಾಸ್ಪತ್ರೆಯ ಡಾಕ್ಟರಮ್ಮ ರಕ್ತ, ಮೂತ್ರ ಪರೀಕ್ಷೆ ಮಾಡಿಸಿದರು. ಬಸಿರಲ್ಲ, ಮೂತ್ರಪಿಂಡ ಕೆಟ್ಟು ಮೈಯ ಸತ್ವ ಮೂತ್ರದಲ್ಲಿ ಸೋರುತ್ತಿದೆ ಎಂದರು. ಜೊತೆಗೆ ಬಂದಿದ್ದ ಈರನಾಗಮ್ಮ ಇನ್ನೊಮ್ಮೆ ನೋಡಿ ಎಂದಳು. ಡಾಕ್ಟರಮ್ಮ ನೇತ್ರಾಳ ಕಡೆ ತಿರುಗಿದರು.

"ನಾಟಿ ಔಷಧಿ ಏನಾದರೂ ತಗೊಂಡೆಯೇನಮ್ಮ? ಮೈಗೆ, ಮುಖಕ್ಕೆ ಏನಾದರೂ ಹಚ್ಚುತ್ತೀಯಾ?"

ನೇತ್ರ ಅತ್ತೆಯ ಕಡೆ ನೋಡಿದಳು. "ಏನಿಲ್ಲ ಮೇಡಂ. ಅರಿಶಿನ."

ಡಾಕ್ಟರಮ್ಮ ಬರೆದುಕೊಂಡು ಮುಂದಿನ ಹಾಸಿಗೆಗೆ ಹೋದರು. ಎರಡು ದಿನ ಕಾರಣ ಸಿಗಲಿಲ್ಲ. ಮೂರನೆಯ ಬೆಳಿಗ್ಗೆ ಈರನಾಗಮ್ಮ ಒದ್ದೆ ಬಟ್ಟೆಯಲ್ಲಿ ಸೊಸೆಯ ಮುಖ ಒರೆಸಿದಳು. ಬಟ್ಟೆಗೆ ಹಳದಿ ಹತ್ತಿತು. ಅವಳ ಬೆರಳು ನನ್ನ ಮೇಲೆ ನಿಂತಿತು. ಮತ್ತೆ ಒರೆಸಿದಳು. ನಾನು ಸೀಸದಂತೆ ಬೆಳ್ಳಗೆ ಹೊರಬಿದ್ದೆ.

ಈ ಸಲ ಅವಳು ಬೈಯಲಿಲ್ಲ. ವಾರ್ಡಿನ ಉದ್ದಕ್ಕೂ ಓಡಿದಳು. "ಡಾಕ್ಟ್ರಮ್ಮ, ಬರ್ರಿ ಇಲ್ಲಿ. ಇವಳ ಮೂಗಿನಾಗೆ ಪಾದರಸ ಐತೆ. ಆಚಾರಿ ಹೇಳಿದ್ದ. ನಾನೇ ಮರ್ತಿದ್ದೆ."

ಡಾಕ್ಟರಮ್ಮ ಬಗ್ಗಿ ನನ್ನನ್ನು ನೋಡಿದರು. ಆಮೇಲೆ ಈರನಾಗಮ್ಮನನ್ನು ಹೊರಗೆ ಕಳಿಸಿ, ಹಾಸಿಗೆಯ ಅಂಚಿನಲ್ಲಿ ಕೂತು, ಮೆಲ್ಲಗೆ ಕೇಳಿದರು. ನೇತ್ರ ಅತ್ತುಬಿಟ್ಟಳು. ಟ್ರಂಕಿನ ಡಬ್ಬಿ ಸಂಜೆಗೆ ಆಸ್ಪತ್ರೆಗೆ ಬಂತು, ಅಲ್ಲಿಂದ ಪರೀಕ್ಷೆಗೆ ಹೋಯಿತು. ಅದರ ತುಂಬ ಪಾದರಸ ಎಂದು ತಿಳಿಯಿತು.

ನನ್ನನ್ನು ಆಗಲೇ ಮೂಗಿನಿಂದ ಬಿಚ್ಚಿದ್ದರು. ಬಿಚ್ಚಿದವಳು ಈರನಾಗಮ್ಮನೇ. ಅಂಗಡಿಯವನ ಮಾತು ಕೇಳಿ ನೇತ್ರ ನನ್ನನ್ನು ಮೊದಲೇ ತೆಗೆದಿಟ್ಟಿದ್ದರೆ ನಾನು ಹಳದಿಯಾಗಿಯೇ ಉಳಿಯುತ್ತಿದ್ದೆ, ಅವಳ ತಾಯಿಗೆ ಅವಮಾನವಾಗುತ್ತಿರಲಿಲ್ಲ. ಆದರೆ ಅವಳೊಳಗೆ ಏನು ಇಳಿಯುತ್ತಿದೆಯೆಂದು ತಿಳಿಯುವ ದಾರಿಯೂ ಇರುತ್ತಿರಲಿಲ್ಲ. ಯಾವುದು ಆಗಬಾರದಿತ್ತು ಎಂದು ಇವತ್ತಿಗೂ ನನಗೆ ತೀರ್ಮಾನಿಸಲು ಆಗಿಲ್ಲ.

ನೇತ್ರ ಉಳಿದಳು. ಊತ ನಿಧಾನವಾಗಿ ಇಳಿಯಿತು. ಉಪ್ಪು ಕಡಿಮೆ, ಮಾತ್ರೆ ತಪ್ಪದೆ, ಸದ್ಯಕ್ಕೆ ಮಗು ಬೇಡ ಎಂದರು. ಬಂಗು ಮೊದಲಿಗಿಂತ ಗಾಢವಾಗಿ ತಿರುಗಿ ಬಂತು. ಆಚಾರ್ ನನ್ನನ್ನು ಇನ್ನೊಮ್ಮೆ ಸುಟ್ಟು ಶುದ್ಧ ಮಾಡಿಕೊಟ್ಟರು. ಮನೆಗೆ ತಂದಾಗ ನೇತ್ರ ನನ್ನನ್ನು ಹಾಕಿಕೊಳ್ಳಲಿಲ್ಲ. ತೂತಿಗೆ ಬೇವಿನ ಕಡ್ಡಿಯನ್ನೇ ಸಿಕ್ಕಿಸಿಕೊಂಡಳು.

"ಹಾಕ್ಕಳೇ" ಎಂದಳು ಅತ್ತೆ.

"ಅಂಗಳದಾಗೆ ನಮ್ಮವ್ವಂಗೆ ಅಂದ ಮಾತು ಅಂಗಳದಾಗೆ ವಾಪಸ್ ತಗಳಿ ಅತ್ತೆ. ಅವತ್ತು ಹಾಕ್ಕಂತೀನಿ."

ಈರನಾಗಮ್ಮ ಕೊಡ ಎತ್ತಿಕೊಂಡು ನೀರಿಗೆ ಹೋದಳು. ಆದರೆ ಹಣ್ಣಿನ ಕಾಲ ಬಂದಾಗ ಚಿತ್ತಮ್ಮನಿಗೆ ತಾನೇ ಹೇಳಿ ಕಳಿಸಿದಳು. ಚಿತ್ತಮ್ಮ ಬಂದಳು. ನೇತ್ರ ನನ್ನನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡು ಚಪ್ಪರದ ನೆರಳಿನಲ್ಲಿ ಕೂತಳು. ಹೆಂಗಸರು ಕುಟ್ಟುತ್ತಿದ್ದರು. ಈರನಾಗಮ್ಮ ಒಂದೆರಡು ಸಲ ಗಂಟಲು ಸರಿ ಮಾಡಿಕೊಂಡಳು. ಹಣ್ಣಿನ ಧಾರಣೆಯ ಮಾತಾಡಿದಳು, ಮಂಗನ ಕಾಟದ ಮಾತಾಡಿದಳು. ಕೊನೆಗೆ ಕೊಡತಿ ಕೆಳಗಿಟ್ಟಳು.

"ಎಲ್ರೂ ಒಬ್ರ ಮೂಗು ಒಬ್ರು ನೋಡ್ಕಳ್ರೇ. ಯಾರ್ದಾದ್ರೂ ಚಿನ್ನ ಬೆಳ್ಳಗಾಗಿದ್ರೆ ಅವ್ವ ಅಪ್ಪನ್ನ ಬೈಬ್ಯಾಡಿ. ಮೊದ್ಲು ಮುಖಕ್ಕೆ ಬಳ್ಕಳೋ ಡಬ್ಬೀನ ತಿಪ್ಪೆಗೆ ಎಸೀರಿ."

ಕುಟ್ಟುವ ಸದ್ದು ನಿಂತಿತು. ಲಕ್ಕಮ್ಮ ಸೆರಗು ಎಳೆದು ಮೂಗು ಮುಚ್ಚಿಕೊಂಡಳು.

"ತೆಗಿಯೇ ಸೆರಗ" ಎಂದಳು ಈರನಾಗಮ್ಮ.

"ನೀನೇ ಅಲ್ವೇನೇ ಅಂಗಡಿ ತೋರಿಸಿದ್ದು?" ಎಂದು ಲಕ್ಕಮ್ಮ ನೇತ್ರಾಳ ಮೇಲೆ ತಿರುಗಿದಳು. ಸೆರಗನ್ನು ಮಾತ್ರ ಮೂಗಿನಿಂದ ತೆಗೆಯಲಿಲ್ಲ. ನೇತ್ರ ಎದ್ದು ಹೋಗಿ ಅವಳ ಕೈ ಹಿಡಿದು, ನಾಳೆಯೇ ಆಸ್ಪತ್ರೆಗೆ ಹೋಗೋಣ ಎಂದಳು. ಆಮೇಲೆ ತಾಯಿಯ ಕಡೆ ನೋಡಿದಳು. ಅವಳ ಬೆರಳು ನನ್ನ ಗಂಟಿನ ಮೇಲಿತ್ತು.

ಚಿತ್ತಮ್ಮ ಹಣ್ಣಿನಿಂದ ಬೀಜ ಬಿಡಿಸುತ್ತಲೇ ಇದ್ದಳು. ತಲೆಯೆತ್ತಿ ಬೀಗಿತ್ತಿಯನ್ನು ನೋಡಿ ಕಾದಳು. ಈರನಾಗಮ್ಮ ಅವಳ ಹೆಸರೆತ್ತದೆ, ಅವತ್ತಿನ ಮಾತೆತ್ತದೆ, ಮತ್ತೆ ಕೊಡತಿ ಎತ್ತಿಕೊಂಡಳು. ಚಿತ್ತಮ್ಮ ಮಗಳ ಕಡೆ ತಿರುಗಿ, ಇಲ್ಲ ಎಂಬಂತೆ ಮೆಲ್ಲಗೆ ತಲೆಯಾಡಿಸಿದಳು. ನೇತ್ರ ಗಂಟು ಬಿಚ್ಚಲಿಲ್ಲ.

ಅದಾಗಿ ಎಷ್ಟೋ ಸುಗ್ಗಿಗಳಾದವು. ಲಕ್ಕಮ್ಮನಿಗೆ ಬೇಗ ಗೊತ್ತಾದದ್ದರಿಂದ ಹೆಚ್ಚು ಕೆಡಲಿಲ್ಲ. ಆ ಅಂಗಡಿಯ ಕಪಾಟಿನಲ್ಲಿ ಈಗ ಬೇರೆ ಚಿತ್ರದ ಡಬ್ಬಿಗಳು ಬಂದಿವೆಯಂತೆ. ಚಿತ್ತಮ್ಮ ಆಗಾಗ ಬಂದು ಮಗಳನ್ನು ನೋಡಿಕೊಂಡು ಹೋಗುತ್ತಾಳೆ. ಅವಳ ಕಿವಿಯ ತೂತುಗಳು ಮುಚ್ಚಿಕೊಂಡಿವೆ. ನಾನು ಗೋಡೆಯ ಗೂಡಿನಲ್ಲಿ, ಕುಂಕುಮದ ಭರಣಿಯ ಪಕ್ಕ, ಒಂದು ಪುಟ್ಟ ಡಬ್ಬಿಯಲ್ಲಿದ್ದೇನೆ.

ಈರನಾಗಮ್ಮನಿಗೆ ವಯಸ್ಸಾಗಿದೆ. ಮನೆಯಲ್ಲಿ ಯಾರೂ ಇಲ್ಲದಾಗ ಗೂಡಿನ ಮುಂದೆ ನಿಂತು ನನ್ನ ಡಬ್ಬಿಯ ಮುಚ್ಚಳ ತೆಗೆಯುತ್ತಾಳೆ. ಆ ಕಡೆ ಈ ಕಡೆ ನೋಡುತ್ತಾಳೆ. ಆಮೇಲೆ ನನ್ನ ಹತ್ತಿರ ಬಗ್ಗಿ, ಉಸಿರಿನಲ್ಲೇ ಹೇಳುತ್ತಾಳೆ.

"ತಪ್ಪಾಯ್ತು ಕಣಕ್ಕ, ಚಿತ್ತಮ್ಮಕ್ಕ."

ಹೇಳಿ, ಮುಚ್ಚಳ ಹಾಕುತ್ತಾಳೆ. ಆ ಮಾತನ್ನು ಯಾರಿಗೆ ಸಲ್ಲಬೇಕೋ ಅವರಿಗೆ ಒಯ್ದು ಮುಟ್ಟಿಸಲು ನನಗೆ ಬಾಯಿಲ್ಲ ಎಂದು ಅವಳಿಗೂ ಗೊತ್ತು.