ಜಟ್ಟಿ ಸೆಕ್ರೆಟರಿಯ ಎಡೆ ಮತ್ತು ಒಂದು ಹಟಮಾರಿ ಕಾಗೆ

೧

ಸತ್ತವನಿಂದ ಶುರು ಮಾಡಲೋ, ಕಾಗೆಯಿಂದಲೋ? ಸತ್ತವನಿಂದ ಶುರು ಮಾಡಿದರೆ ನೀವು ಮೊದಲ ಸಾಲಿಗೇ ಮುಖ ಸಣ್ಣದು ಮಾಡಿಕೊಂಡು ಕೂರುತ್ತೀರಿ. ಕಾಗೆಯಿಂದ ಶುರು ಮಾಡಿದರೆ ಮಕ್ಕಳ ಕಥೆಯೆಂದು ಪುಟ ತಿರುವುತ್ತೀರಿ. ಹಾಗಾಗಿ ಫ್ಲೆಕ್ಸಿನಿಂದ ಶುರು ಮಾಡುತ್ತೇನೆ.

ಕಾಗಾಲದ ತಿರುವಿನಲ್ಲಿ ಕಟ್ಟಿದ ಫ್ಲೆಕ್ಸು ಹೀಗಿದೆ: 'ಸರಳ ಸಜ್ಜನ, ಕರ್ತವ್ಯನಿಷ್ಠ, ನಿವೃತ್ತ ಪಂಚಾಯತಿ ಕಾರ್ಯದರ್ಶಿ ಜಟ್ಟಿಯವರಿಗೆ ಭಾವಪೂರ್ಣ ಶ್ರದ್ಧಾಂಜಲಿ.' ಕೆಳಗೆ ಶ್ರದ್ಧಾಂಜಲಿ ಕೋರುವವರ ಫೋಟೊಗಳು, ಸತ್ತವನದಕ್ಕಿಂತ ದೊಡ್ಡವು. ಜಟ್ಟಿಯ ಮೈಮೇಲೆ ಕೋಟು, ಟೈ. ಮದುವೆ ದಿನ ಬಿಟ್ಟರೆ ಅಂಗಿಯ ಗುಂಡಿಯನ್ನೇ ಪೂರ್ತಿ ಹಾಕದ ಮನುಷ್ಯ! ಮನೆಯಲ್ಲಿದ್ದ ಒಂದೇ ಚೆಂದದ ಫೋಟೊದಲ್ಲಿ ಆತ ಬರಿಮೈಯಲ್ಲಿ, ಹೆಗಲಿಗೆ ಬೀಸುಬಲೆ ಹಾಕಿಕೊಂಡು, ಮೊಣಕಾಲುದ್ದ ಹೊಳೆಯಲ್ಲಿ ನಿಂತಿದ್ದ. ಕುಮಟೆಯ ಫ್ಲೆಕ್ಸ್ ಅಂಗಡಿಯವ ಬಲೆ ಅಳಿಸಿ ಕೋಟು ತೊಡಿಸಿದ. (ಈ ವರ್ಷ ಅವನ ಅಂಗಡಿಗೆ ಬಂದ ಗಂಡಸರೆಲ್ಲ ಅದೇ ಕೋಟಿನಲ್ಲಿ ಸ್ವರ್ಗಕ್ಕೆ ಹೋಗಿದ್ದಾರೆ.)

೨

ಇದನ್ನು ಜಟ್ಟಿಯ ಮಗಳು ಮಾಲಿನಿಯ ಪಕ್ಕದಲ್ಲಿ ನಿಂತು ಹೇಳುವುದೆಂದು ನಿಶ್ಚಯಿಸಿದ್ದೇನೆ. ಹೊನ್ನಾವರದಲ್ಲಿ ಹೈಸ್ಕೂಲು ಟೀಚರು. ಮೊದಲ ಡ್ರಾಫ್ಟಿನಲ್ಲಿ ಅವಳು ಬಿಕ್ಕಿ ಬಿಕ್ಕಿ ಅಳುವಂತೆ ಬರೆದಿದ್ದೆ. ಅವಳು ಒಪ್ಪಲಿಲ್ಲ.

"ನಾ ಎಂತಕ್ಕೆ ಅಳೂದು? ನಂಗೆ ಸಿಟ್ಟು ಬಂದದೆ. ಅದನ್ನ ಬರೀರಿ."

"ಯಾರ ಮೇಲೆ ಸಿಟ್ಟು?"

"ಅಪ್ಪನ ಮೇಲೆ. ಬಲೆ ಬೀಸೂದು ಕಲಿಸು ಅಂದ್ರೆ ಪ್ರತಿ ಸಲ 'ನಾಳೆ' ಅಂದ. ಕಡೆಗೆ ಆ ನಾಳೆಗಳ್ನೆಲ್ಲ ಕಟ್ಕಂಡು ಹೋದ."

ಈಗ ಅವಳಿಗೆ ಬೇಕಾದ್ದು ಆ ಬಲೆಯೊಂದೇ. ತಮ್ಮ ವಿನೋದ ಅದನ್ನು ಸ್ಮರಣ ಸಮಿತಿಗೆ ಕೊಡಲು ಒಪ್ಪಿಬಿಟ್ಟಿದ್ದಾನೆ. ಪಂಚಾಯತಿ ಸಭಾಭವನದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡುತ್ತಾರಂತೆ. ಇವತ್ತು ಸಂಜೆಯೇ ಹಸ್ತಾಂತರ, ಫೋಟೊ ಸಮೇತ.

೩ (ಕೈಬಿಟ್ಟ ಡ್ರಾಫ್ಟು)

'ಜಟ್ಟಿಯವರು ಬೆಳಿಗ್ಗೆ ಕಚೇರಿಗೆ ಬಂದರೆ ಸಂಜೆಯವರೆಗೂ ಕುರ್ಚಿ ಬಿಟ್ಟೇಳುತ್ತಿರಲಿಲ್ಲ.'

ಮೊನ್ನೆಯ ನುಡಿನಮನದಲ್ಲಿ ಭಾಷಣ ಮಾಡಿದವರೆಲ್ಲ ಹೇಳಿದ್ದು ಇದನ್ನೇ. ಬರೆಯುತ್ತಿದ್ದಂತೆ ನನಗೇ ನಗು ಬಂತು, ಡಿಲೀಟ್ ಮಾಡಿದೆ.

೩ (ಮತ್ತೆ)

ಸಮುದ್ರದ ಇಳಿತಕ್ಕೆ ಹೊಳೆಯ ನೀರು ಇಳಿಯತೊಡಗಿತೆಂದರೆ ಕುರ್ಚಿ ಖಾಲಿ. ಸಹಿ ಬೇಕಾದವರು ಅರ್ಜಿಯನ್ನು ತಲೆಯ ಮೇಲಿಟ್ಟುಕೊಂಡು ಹೊಳೆಗಿಳಿಯಬೇಕು. ಕಚೇರಿಯ ವೇಳೆಯ ಬೋರ್ಡನ್ನು ಯಾರೂ ನೋಡುತ್ತಿರಲಿಲ್ಲ. ಪಂಚಾಂಗದಲ್ಲಿ ತಿಥಿ ನೋಡಿ, ನೀರು ಯಾವಾಗ ಇಳಿಯುತ್ತದೆಂದು ಲೆಕ್ಕ ಹಾಕಿಕೊಂಡು ಬರುತ್ತಿದ್ದರು. ಜಟ್ಟಿ ಅರ್ಜಿದಾರನ ಬೆನ್ನನ್ನೇ ಮೇಜು ಮಾಡಿಕೊಂಡು ಸಹಿ ಹಾಕುತ್ತಿದ್ದ. ಆ ಕಾಲದ ಕಾಗದ ಮೂಸಿದರೆ ಈಗಲೂ ಶೆಟ್ಲಿ ಮೀನಿನ ವಾಸನೆ. (ಯಾವ ಪಂಚಾಯತಿ ಎಂದು ಕೇಳಬೇಡಿ. ನನ್ನದೂ ಅಲ್ಲಿ ಒಂದು ಸಹಿ ಬಾಕಿಯಿದೆ.)

ಒಂದು ಮಾತು ನಿಜ. ಆತ ಯಾರನ್ನೂ 'ನಾಳೆ ಬಾ' ಎಂದು ವಾಪಸು ಕಳಿಸಿದವನಲ್ಲ. ಊರಿಗೆಲ್ಲ ಇವತ್ತನ್ನು ಹಂಚಿ, ನಾಳೆಯನ್ನು ಮಗಳಿಗೆ ಇಟ್ಟ. ಇದನ್ನು ಬರೆದಾಗ ಮಾಲಿನಿ ಮುಖ ಆಚೆ ತಿರುಗಿಸಿದಳು.

೪

ಹನ್ನೊಂದನೆಯ ದಿನ. ಮನೆಯ ಹಿಂದೆ ಹೊಳೆದಂಡೆಯಲ್ಲಿ ಬಾಳೆಲೆಯ ಮೇಲೆ ಎಡೆ ಇಟ್ಟಾಗಿದೆ. ಕಾಗೆ ಮುಟ್ಟಿದರೆ ಹೋದವನು ತೃಪ್ತನಾಗಿ ಹೊರಟನೆಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ; ಅದೇನೆಂದು ಊಹಿಸಿ, ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು. ಅಲ್ಲಿಯವರೆಗೆ ಯಾರಿಗೂ ಊಟವಿಲ್ಲ. ಕಾಗೆಯೇನೋ ಬಂತು. ತೆಂಗಿನ ಗರಿಯ ಮೇಲೆ ಕೂತಿತು, ಇಳಿಯಲಿಲ್ಲ.

ಮೊದಲು ಕೈಮುಗಿದವನು ಪಂಚಾಯತಿ ಸದಸ್ಯ ನಿತ್ಯಾನಂದ. "ಜಟ್ಟಣ್ಣಾ, ಹೊಸ ರಸ್ತೆಗೆ ನಿನ್ನ ಹೆಸರೇ ಇಡ್ತೆ!"

ಕಾಗೆ ಬೆನ್ನು ತಿರುಗಿಸಿತು. (ಆ ರಸ್ತೆ ಇನ್ನೂ ಆಗಿಲ್ಲವೆಂಬುದು ಅದಕ್ಕೆ ಮೇಲಿನಿಂದ ಕಾಣುತ್ತಿತ್ತು.)

"ಅಪ್ಪಾ, ಗಾಜಿನ ಪೆಟ್ಟಿಗೆಗೆ ಲೈಟೂ ಹಾಕಿಸ್ತೆ," ಎಂದ ವಿನೋದ. ಕಾಗೆ ಕೊಕ್ಕಿನಿಂದ ಮೈ ಕೆರೆದುಕೊಂಡಿತು.

ಜಟ್ಟಿಯ ಹೆಂಡತಿ ಗಣಪಿ ಮುಂದೆ ಬಂದಳು. "ಹೊಳೆಗೆ ಹೋಗ್ಬೇಡಿ ಅಂತ ಇನ್ನು ಬೈಯೂದಿಲ್ಲ. ಬಂದು ಉಣ್ಣಿ ಮಾರಾಯ್ರೆ, ಎಲ್ಲಾ ಆರಿ ಹೋತದೆ." ಕಾಗೆ ಮೇಲಿನ ಗರಿಯಿಂದ ಕೆಳಗಿನ ಗರಿಗೆ ಬಂತು, ಅಷ್ಟೇ.

೫

ಮುಕ್ತಾಯ ಅ: ಮಾಲಿನಿ ಅಪ್ಪನನ್ನು ಕ್ಷಮಿಸುತ್ತಾಳೆ, ಕಾಗೆ ಮುಟ್ಟುತ್ತದೆ, ಎಲ್ಲರೂ ಕಣ್ಣೊರೆಸಿಕೊಂಡು ಊಟಕ್ಕೇಳುತ್ತಾರೆ. ವಿಶೇಷಾಂಕದವರು ಕಣ್ಣು ಮುಚ್ಚಿ ಹಾಕಿಕೊಂಡಾರು.

ಮುಕ್ತಾಯ ಆ: ನಿತ್ಯಾನಂದ ಬೇರೆ ಕಾಗೆ ತರಿಸುತ್ತಾನೆ. (ನಗಬೇಡಿ. ಸಭೆಗೆ ಜನ ತರಿಸುವವನಿಗೆ ಕಾಗೆ ಯಾವ ಲೆಕ್ಕ?)

ಮುಕ್ತಾಯ ಇ ಬರೆಯಲು ಕೂತಿದ್ದೆ. ಅಷ್ಟರಲ್ಲಿ ಮಾಲಿನಿ ನನ್ನನ್ನು ಒಂದು ಮಾತೂ ಕೇಳದೆ ಎದ್ದಳು. ಗೂಟದಲ್ಲಿ ತೂಗುತ್ತಿದ್ದ ಬಲೆಗೆ ಸಮಾರಂಭದ ರಿಬ್ಬನ್ ಕಟ್ಟಿದ್ದರು. ಅದನ್ನು ಕಿತ್ತೆಸೆದು, ಬಲೆಯನ್ನು ಹೆಗಲಿಗೆ ಹಾಕಿಕೊಂಡು ಹೊಳೆಗಿಳಿದಳು.

"ಅಕ್ಕಾ, ಅದು ಸಮಿತಿಗೆ ಕೊಡೂದು!" ವಿನೋದ ಕೂಗಿದ.

"ಸಮಿತಿಯವ್ರು ಬಂದು ಬೀಸ್ತ್ರ?"

ನೀರು ಇಳಿಯುತ್ತಿತ್ತು. ಕಲಿಸಿದವರಿಲ್ಲ, ದಂಡೆಯಲ್ಲಿ ಕೂತು ನೋಡಿದ್ದಷ್ಟೇ ವಿದ್ಯೆ. ಬಲೆಯ ಅಂಚನ್ನು ಹಲ್ಲಲ್ಲಿ ಕಚ್ಚಿ, ಸೊಂಟ ತಿರುಗಿಸಿ ಬೀಸಿದಳು. ಬಲೆ ಹರಡಿಕೊಳ್ಳದೆ ಮುದ್ದೆಯಾಗಿ ದೊಪ್ಪನೆ ಬಿತ್ತು. ದಂಡೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮತ್ತೆ ಬೀಸಿದಳು, ಮತ್ತೆ ಮುದ್ದೆ. ಕಾಗೆ ತೆಂಗಿನಿಂದ ಹಾರಿ, ಅವಳ ಹಿಂದೆ ದೋಣಿ ಕಟ್ಟುವ ಕಂಬದ ಮೇಲೆ ಕೂತು, ಕುತ್ತಿಗೆ ಓರೆ ಮಾಡಿ ನೋಡತೊಡಗಿತು.

೬

"ಬರೆದುಬಿಡಲಾ?" ಎಂದೆ. "ಮುಂದಿನ ಸಲ ಬಲೆ ಅರಳುತ್ತದೆ, ಕಾಗೆ ಎಡೆ ಮುಟ್ಟುತ್ತದೆ. ಒಂದೇ ವಾಕ್ಯ. ಎಲ್ಲರಿಗೂ ಹಸಿವಾಗಿದೆ."

"ಬೇಡ." ಮಾಲಿನಿ ಬಲೆಯ ನೀರು ಹಿಂಡಿದಳು. ಈಗ ಅಳುತ್ತಿದ್ದಳು, ನಾನು ಬರೆಯದೆಯೇ. "ಕಾಗೆ ಮುಟ್ಟಿದ್ರೆ ಅಪ್ಪ ಹೋದ ಅಂತಾತು. ಈಗ ಕೂತು ನೋಡ್ತಾ ಅದೆ. ಇವತ್ತೊಂದಿನ ಕಲಿಸ್ಲಿ."

"ಹಾಗಾದರೆ ಕಥೆ ಮುಗಿಸುವುದು ಯಾವಾಗ?"

"ನಾಳೆ," ಎಂದು ಬಲೆಯ ಅಂಚನ್ನು ಮತ್ತೆ ಹಲ್ಲಲ್ಲಿ ಕಚ್ಚಿದಳು. ಬಾಯಿ ತುಂಬ ಬಲೆಯಿದ್ದವಳ ಹತ್ತಿರ ವಾದ ಮಾಡುವುದು ಹೇಗೆ?

ದಂಡೆಯಲ್ಲಿ ನಿತ್ಯಾನಂದ ಗಡಿಯಾರ ನೋಡಿಕೊಂಡ. ಗಣಪಿ ಎಡೆಯ ಮೇಲೆ ಇನ್ನೊಂದು ಬಾಳೆಲೆ ಮುಚ್ಚಿದಳು.

"ನಿಮಗೆ ಅರ್ಜೆಂಟಿದ್ರೆ ಹೊರಡಿ," ಎಂದಳು. "ನಮ್ಮನೆಯವ್ರು ಹೊಳೆಗಿಳಿದ್ರೆ ಊಟಕ್ಕೆ ಬರೂದು ಯಾವಾಗ್ಲೂ ತಡವೇಯ."