ಸುಣ್ಣದ ಗೆರೆಯಲ್ಲಿ ಶಾಲೆ

ನಮ್ಮ ಬೀದಿಯ ಬಸ್ ಡ್ರೈವರ್ ಮಗಳು ಶಾಲೆಗೆ ಒಯ್ದ ನೀರಿನ ಬಾಟಲಿಯನ್ನು ಹಾಗೇ ತುಂಬಿದಂತೆಯೇ ವಾಪಸ್ ತರುತ್ತಿದ್ದಳು. ಶಾಲೆಯ ಶೌಚಾಲಯ ಕಟ್ಟಡದ ಹಿಂದೆ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿತ್ತು. ಅಲ್ಲಿಗೆ ಹೋಗುವ ಹೆದರಿಕೆಗೆ ಹುಡುಗಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಉರಿಮೂತ್ರ ಶುರುವಾಯಿತು, ಜ್ವರ ಬಂತು, ಆಸ್ಪತ್ರೆ ಸೇರಿದ್ದೂ ಆಯಿತು. ಹೀಗೇ ಮುಂದುವರಿದರೆ ಮೂತ್ರಪಿಂಡಕ್ಕೆ ಪೆಟ್ಟು ಎಂದು ವೈದ್ಯರು ಎಚ್ಚರಿಸಿದರು.

ಅದೇ ಹೊತ್ತಿಗೆ ಹಳೆಯ ಸರ್ಕಾರಿ ಶಾಲೆಯನ್ನು ಕೆಡವಿ ಹೊಸದು ಕಟ್ಟುವ ತೀರ್ಮಾನವಾಯಿತು. ನಕ್ಷೆ ನೋಡಿ ಅಭಿಪ್ರಾಯ ಹೇಳಿ ಎಂದು ಪೋಷಕರಿಗಾಗಿ ಗೇಟಿಗೆ ಬೋರ್ಡು ಹಾಕಿದರು. ಡ್ರೈವರ್ ದಿನಾ ಅದರ ಮುಂದೆಯೇ ಬಸ್ ಓಡಿಸಿದನೇ ಹೊರತು ಒಳಗೆ ಕಾಲಿಡಲಿಲ್ಲ. ಎದುರುಮನೆಯ ನರ್ಸಕ್ಕ ಯಾಕೆ ಹೋಗಲಿಲ್ಲ ಎಂದು ಕೇಳಿದ್ದಕ್ಕೆ, ಓದಿದವರು ಬರೆದ ನಕ್ಷೆಯಲ್ಲಿ ತನಗೇನು ಕೆಲಸ, ಹೇಳಿದರೂ ಕೇಳುವವರು ಯಾರು ಎಂದು ಕೈ ಝಾಡಿಸಿದ.

"ಕಟ್ಟಿದ ಮೇಲೆ ಯಾರೂ ಕೇಳಲ್ಲ ಕಣೋ ತಮ್ಮ. ಈಗಿನ್ನೂ ಗೋಡೆ ಎದ್ದಿಲ್ಲ," ಎಂದಳು ನರ್ಸಕ್ಕ.

ಅವಳ ಬಾಯಿಗೆ ಹೆದರದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಭಾನುವಾರ ಡ್ರೈವರ್ ಮಗಳನ್ನು ಕರೆದುಕೊಂಡು ಶಾಲೆಗೆ ಹೋದ.

ಕಾಗದದ ನಕ್ಷೆ ಎಲ್ಲರ ತಲೆಗೂ ಹತ್ತುವುದಿಲ್ಲವೆಂದು ಆರ್ಕಿಟೆಕ್ಟ್ ಮೇಡಂ ಹೊಸ ಶಾಲೆಯ ನೆಲಮಹಡಿಯನ್ನು ಆಟದ ಮೈದಾನದಲ್ಲೇ, ಅಸಲಿ ಅಳತೆಯಲ್ಲಿ, ಸುಣ್ಣದ ಪುಡಿಯಿಂದ ಬರೆಸಿದ್ದರು. ಗೆರೆ ಎಂದರೆ ಗೋಡೆ, ಗೆರೆ ಬಿಟ್ಟಲ್ಲಿ ಬಾಗಿಲು. ಡ್ರೈವರ್ ಬಂದವನೇ ಎರಡು ಗೋಡೆ ತೂರಿಕೊಂಡು ಹೆಡ್‌ಮೇಷ್ಟ್ರ ಕೋಣೆಯ ನಡುವೆ ನಿಂತ. ನೆರೆದವರು ನಕ್ಕರು.

ಮೇಡಂ ಹುಡುಗಿಗೆ ತರಗತಿಯಿಂದ ಶೌಚಾಲಯದವರೆಗೆ ನಡೆದು ನೋಡಲು ಹೇಳಿದರು. ಅವಳು ಪಡಸಾಲೆ ದಾಟಿದಳು. ಮೆಟ್ಟಿಲಿನ ಗೆರೆಯ ಹಿಂದೆ ಶೌಚಾಲಯಕ್ಕೆ ತಿರುಗುವಲ್ಲಿ ನಿಂತುಬಿಟ್ಟಳು. ನಿಂತದ್ದು ಬಟಾಬಯಲಿನಲ್ಲಿ, ಹಾಡಹಗಲಿನಲ್ಲಿ, ಅಪ್ಪನ ಕಣ್ಣೆದುರಿಗೇ.

"ಇಲ್ಲಿಂದಾಚೆ ನಾನು ಹೋಗಲ್ಲ ಅಪ್ಪ. ಇಲ್ಲಿ ನಾನು ಯಾರಿಗೂ ಕಾಣಲ್ಲ," ಎಂದಳು.

ಡ್ರೈವರ್‌ಗೆ ಕೇಳುವವರು ಯಾರು ಎಂಬ ಮಾತು ಮರೆತೇಹೋಯಿತು.

"ಮೇಡಂ, ಇದನ್ನ ಮುಂದಕ್ಕೆ ತರೋಕಾಗಲ್ವಾ? ಟೀಚರ್‌ಗಳು ಕೂತ ಕಡೆಯಿಂದ ಬಾಗಿಲು ಕಾಣೋ ಹಾಗೆ?"

ವಾಸನೆ ಬಾರದಿರಲಿ ಎಂದು ಹಿಂದಕ್ಕೆ ಹಾಕಿದ್ದೆವು, ಮಕ್ಕಳ ಹೆದರಿಕೆಯ ಮಾತನ್ನು ಇದುವರೆಗೆ ಯಾರೂ ಎತ್ತಿರಲಿಲ್ಲ ಎಂದರು ಮೇಡಂ. ಗಾಳಿಗೆ ಎತ್ತರದ ಕಿಟಕಿ ಇಟ್ಟರೆ ವಾಸನೆಯ ತೊಂದರೆ ಇರದು ಎಂದೂ ಹೇಳಿದರು. ಅಲ್ಲೇ ಚಪ್ಪಲಿ ಕಾಲಿನಿಂದ ಗೆರೆ ಒರೆಸಿ, ಶಿಕ್ಷಕರ ಕೊಠಡಿಯ ಎದುರಿಗೆ ಹೊಸ ಗೆರೆ ಹಾಕಿಸಿದರು. ಹುಡುಗಿ ಈ ಸಲ ಎಲ್ಲೂ ನಿಲ್ಲದೆ ಹೋಗಿ ಬಂದಳು. ಮುಂದಿನ ವಾರ ಡ್ರೈವರ್ ನಕ್ಷೆ ನೋಡಲು ಇಡೀ ಬೀದಿಯನ್ನೇ ಕಟ್ಟಿಕೊಂಡು ಹೋದ.

ನಿಮ್ಮ ಬಡಾವಣೆಯಲ್ಲೂ ಶಾಲೆ ಕಟ್ಟುತ್ತಾರೆಯೇ? ನಕ್ಷೆ ತೋರಿಸಿ ಎಂದು ಕೇಳಿ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಶಾಲೆಯ ಮುಂಭಾಗದ ಅಂದಚಂದ ಆಮೇಲೆ ನೋಡಿದರಾಯಿತು. ಎಲ್ಲಿಗೆ ಹೋಗಲು ಹೆದರಿಕೆ ಎಂದು ಮೊದಲು ನಿಮ್ಮ ಮಗುವನ್ನು ಕೇಳಿ, ಅದನ್ನು ನಕ್ಷೆ ಬರೆದವರಿಗೆ ಹೋಗಿ ಹೇಳಿ. ಆ ಕಟ್ಟಡದೊಳಗೆ ದಿನವಿಡೀ ಇರಬೇಕಾದವರು ಮಕ್ಕಳೇ.